ಹನ್ನೊಂದು ಕೌದಿಗೆ ಒಂದೇ ಫೋಟೋ

ಮುನ್ನಿ, ಗುಂಡ್ಯಾ,

ಇದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ಹೇಳಲು ಕೂತರೆ ನನಗೆ ಅರ್ಧಕ್ಕೇ ಮಾತು ನಿಂತುಹೋಗುತ್ತದೆ. ನೀವು ಏನಾದರೂ ಕೇಳುತ್ತೀರಿ, ನಾನು ನಕ್ಕು ಚಹಾ ಇಡಲು ಒಳಗೆ ಹೋಗಿಬಿಡುತ್ತೇನೆ. ಬರೆಯುವಾಗ ಹಾಗೆ ಎದ್ದುಹೋಗಲು ನೆಪ ಸಿಗುವುದಿಲ್ಲ. ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನೀವು ಔರಾದ ಆಯಿ ಎಂದು ಕರೆಯುತ್ತೀರಲ್ಲ, ನಿಮ್ಮ ಅಜ್ಜನ ತಂಗಿ, ನನಗೆ ನಾದಿನಿ, ನಮ್ಮ ಊರಲ್ಲೇ ಮದುವೆಯಾಗಿ ಉಳಿದವಳು, ಅವಳ ವಿಷಯ ಇದು. ಅವಳು ಕೌದಿ ಹೊಲಿಯುವುದನ್ನು ನೀವು ನೋಡಿಲ್ಲ. ನಿಮಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ಸೂಜಿ ಹಿಡಿಯುವುದನ್ನೇ ಬಿಟ್ಟಿದ್ದಳು. ಯಾಕೆ ಬಿಟ್ಟಳು ಎಂಬುದು ನಿಮ್ಮ ಅಪ್ಪನಿಗೂ ಗೊತ್ತಿಲ್ಲ. ನನಗೆ ಗೊತ್ತು.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಊರು ಬಿಟ್ಟು ಬೀದರದ ನೌಬಾದಕ್ಕೆ ನಿಮ್ಮ ಅಪ್ಪನ ಮನೆಗೆ ಬಂದೆ. ಆಗ ಮುನ್ನಿ ತೊಟ್ಟಿಲಲ್ಲಿದ್ದಳು, ಗುಂಡ್ಯಾ ಇನ್ನೂ ಹುಟ್ಟಿರಲಿಲ್ಲ. ಅದು ಮಳೆ ಎರಡನೆಯ ಸಲ ತಪ್ಪಿದ ವರ್ಷ. ಮೊದಲ ವರ್ಷ ಉದ್ದು, ಹೆಸರು ಹೂವಿಗೆ ಬಂದು ಒಣಗಿದ್ದವು. ಎರಡನೆಯ ವರ್ಷ ಎಷ್ಟೋ ಜನ ಬಿತ್ತಲೇ ಇಲ್ಲ. ಮಾಂಜ್ರಾ ಹೊಳೆಯಲ್ಲಿ ದನಗಳು ಮರಳು ಮೂಸಿ ತಿರುಗಿ ಬರುತ್ತಿದ್ದವು. ಔರಾದ ಬಸ್ ನಿಲ್ದಾಣದಲ್ಲಿ ಚೀಲ, ಪಾತ್ರೆ, ಕೊಡಗಳನ್ನು ಇಟ್ಟುಕೊಂಡು ಹೈದರಾಬಾದಿಗೆ ಹೋಗುವವರು ಸಾಲಾಗಿ ಕೂತಿರುತ್ತಿದ್ದರು. ಕಬ್ಬು ಕಡಿಯಲು ಹೋಗುವವರನ್ನು ಮಾತ್ರ ಊರಿಗೇ ಲಾರಿ ಬಂದು ಕರೆದೊಯ್ಯುತ್ತಿತ್ತು. ದೀಪಾವಳಿ ಮುಗಿದ ಮೇಲೆ ಹೋದರೆ ಅವರು ಬರುತ್ತಿದ್ದುದು ಯುಗಾದಿಗೆ.

ನಮ್ಮ ಮನೆಯ ಹತ್ತಿರ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆಯಲ್ಲಿ ಹೆಣ್ಣುಮಕ್ಕಳ ಸಂಘವೊಂದು ನಡೆಯುತ್ತಿತ್ತು. ಹಳ್ಳಿಗಳಲ್ಲಿ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ತಂದು ಮಾರುವ ಸಂಘ. ನಾನು ಮೊದಲು ಅಲ್ಲಿ ಕಸ ಹೊಡೆಯಲು, ಕೌದಿ ಮಡಚಿಡಲು ಹೋದವಳು. ಬರೆಯಲು ಬರುತ್ತದೆ ಎಂದು ತಿಳಿದ ಮೇಲೆ ರಿಜಿಸ್ಟರ್ ನನ್ನ ಕೈಗೆ ಬಂತು. ಸಂಘದ ಕೆಲಸ ನೋಡುತ್ತಿದ್ದ ಮೇಡಂ ಕಲಬುರಗಿಯವರು, ನನ್ನ ಮಗನಿಗಿಂತ ಚಿಕ್ಕವರು. ನನ್ನನ್ನು ಕಾಕು ಎಂದು ಕರೆಯುತ್ತಿದ್ದರು. ಅವರೇ ನನಗೆ ಕಂಪ್ಯೂಟರ್ ಕಲಿಸಿದರು. ಕೆಳಗೆ ಗಿರಣಿ ಶುರುವಾದರೆ ಮೇಜು ನಡುಗುತ್ತಿತ್ತು. ಕೀಬೋರ್ಡಿನ ಮೇಲೆ ಜೋಳದ ಹಿಟ್ಟು ಕೂರುತ್ತಿತ್ತು. ಅದನ್ನು ಒರೆಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ.

ಆ ವರ್ಷ ಮೇಡಂ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವ ಸಾಫ್ಟ್‌ವೇರ್ ತರಿಸಿದ್ದರು. ದೂರದ ದೊಡ್ಡ ಅಂಗಡಿಯವರು ನಮ್ಮ ಕೌದಿ ನೋಡಬೇಕು ಎಂದಿದ್ದರು. ಬೀದರಿಗೆ ಬಂದು ನೋಡುವವರಲ್ಲ. ನಾವು ಹನ್ನೊಂದು ಹೆಣ್ಣುಮಕ್ಕಳ ಮೂರು ಮೂರು ಕೌದಿಗಳ ಫೋಟೋಗಳನ್ನು ಆ ಅಂಗಡಿಯಲ್ಲಿ ಹಾಕಬೇಕು, ಅವರು ಸೋಮವಾರ ತೆರೆದು ನೋಡಿ, ಯಾರ ಕೈ ಚೆನ್ನಾಗಿದೆಯೋ ಅವರನ್ನು ಆರಿಸುತ್ತಾರೆ. ಆರಿಸಿದವರಿಗೆ ಬಟ್ಟೆ, ದಾರ ಅವರೇ ಕಳಿಸುತ್ತಾರೆ. ಚಳಿಗಾಲವೆಲ್ಲ ಮನೆಯಲ್ಲೇ ಕೂತು ಹೊಲಿಯುವ ಕೆಲಸ.

ಮನೆಯಲ್ಲೇ ಕೂತು ಎಂಬ ಮಾತು ನನ್ನ ನಾದಿನಿಗೆ ಎಷ್ಟು ದೊಡ್ಡದಾಗಿತ್ತು ಎಂದು ನಿಮಗೆ ತಿಳಿಯಬೇಕು. ಆ ವರ್ಷ ಅವರ ಮನೆಯವರೂ ಕಬ್ಬಿನ ಲಾರಿ ಹತ್ತುವವರಿದ್ದರು. ಅವಳ ದೊಡ್ಡ ಮಗಳು ಹತ್ತನೆಯ ತರಗತಿ. ತಾಯಿ ಕಬ್ಬಿಗೆ ಹೋದರೆ ಎರಡು ವರ್ಷದ ಸಣ್ಣವಳನ್ನು ನೋಡಿಕೊಳ್ಳಲು ಇವಳೂ ಹೋಗಬೇಕು. ಹೋದರೆ ಪರೀಕ್ಷೆ ಇಲ್ಲ. ಆರಿಸಿಬಿಟ್ಟರೆ ನಾದಿನಿ ಮಕ್ಕಳೊಂದಿಗೆ ಊರಲ್ಲೇ ಉಳಿಯುತ್ತಿದ್ದಳು, ಗಂಡನೊಬ್ಬನೇ ಹೋಗುತ್ತಿದ್ದ.

ಫೋಟೋ ತೆಗೆಯಲು ನಾನೇ ಹೋಗಿದ್ದೆ. ಕಮಠಾಣದಲ್ಲಿ ಮೂವರು, ಔರಾದ ಹತ್ತಿರ ನಮ್ಮ ಊರಿನಲ್ಲಿ ನಾಲ್ವರು, ಕೊನೆಗೆ ಭಾಲ್ಕಿಯಲ್ಲಿ ನಾಲ್ವರು. ನಾದಿನಿ ಅಂಗಳದ ಹಗ್ಗದ ಮೇಲೆ ಕೌದಿ ಹರವಿ, ಮುಂದೆ ನಿಂತ ಕೋಳಿಯನ್ನು ಓಡಿಸಿದಳು. ಹಸಿರು ಸೀರೆಯ ಕೌದಿ ಅದು. ನಿಮ್ಮ ಅಜ್ಜನ ತಾಯಿ ಉಡುತ್ತಿದ್ದ ಸೀರೆ. ನಡುವೆ ಹಳದಿ ಚೌಕ, ಸುತ್ತಲೂ ಎಳ್ಳು ಸುರುವಿದಂಥ ಸಣ್ಣ ಹೊಲಿಗೆಯ ಟಾಕಾ, ಒಂದೂ ವಕ್ರ ಇಲ್ಲ.

"ನಿಂದ್ರು ವೈನಿ, ಅಂಚು ಸರಿ ಮಾಡ್ತೇನಿ," ಎಂದಳು. "ಮದಿವಿಗಿ ಹೆಣ್ಣ ತೋರ್ಸಿದಾಂಗ ಆತ ನೋಡು. ನನ್ನ ನೋಡ್ಲಿಕ್ಕ ಬಂದಾಗೂ ಇಷ್ಟ ಸಿಂಗಾರ ಮಾಡಿದ್ದಿಲ್ಲ."

"ನಿನ್ನ ನೋಡ್ಲಿಕ್ಕ ಬಂದಾಗ ನೀ ಹಿತ್ತಲದಾಗ ಅಡಗಿ ಕೂತಿದ್ದಿ," ಎಂದೆ.

"ಅದಕ್ಕs ಒಪ್ಪಿದ್ರು. ನೋಡಿದ್ರ ಒಪ್ತಿದ್ದಿಲ್ಲ."

ಅವಳ ಮಗಳು ಸಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಫೋನಿನಲ್ಲಿ ಫೋಟೋ ನೋಡಿದಳು. "ಮಾಮಿ, ಅವ್ವನ್ನ ಆರಿಸ್ತಾರಲ್ರಿ?" ಎಂದು ಕೇಳಿದಳು. ನಾನು ಆರಿಸ್ತಾರ ಎಂದುಬಿಟ್ಟೆ. ನನ್ನ ಕೈಯಲ್ಲಿ ಏನಿತ್ತು ಹಾಗೆ ಹೇಳಲು.

ಹೊರಡುವಾಗ ನಾದಿನಿ ಬಸ್ಸಿನವರೆಗೆ ಬಂದಳು. "ಮುಕಾದಮಗ ಸೋಮವಾರ ತನಕಾ ತಡಿ ಅಂದೇನಿ ವೈನಿ. ಮಂಗಳವಾರ ಮುಂಜಾನಿ ಲಾರಿ ಹೊಂಡ್ತದ. ಸೋಮವಾರ ನೀ ಹೂಂ ಅಂದ್ರ ನಾ ಉಳೀತೇನಿ. ಸುದ್ದಿ ಬರ್ಲಿಲ್ಲ ಅಂದ್ರ ಇಲ್ಲ ಅಂತ ತಿಳ್ಕೋತೇನಿ." ಮುಕಾದಮ ಎಂದರೆ ಕಬ್ಬಿನ ಕೆಲಸಕ್ಕೆ ಜನರನ್ನು ಕರೆದೊಯ್ಯುವವನು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು, ಹೀಗೆ. ನನ್ನ ಅವ್ವ ಸಂತೆಗೆ ಒಯ್ಯುವ ಮೊಟ್ಟೆಯನ್ನೂ ಹೀಗೇ ಎಣಿಸುತ್ತಿದ್ದಳು. ಮೊದಲನೆಯದಕ್ಕೆ ಅಂಕಿ ಹಾಕಬಾರದು, ಅಂಕಿ ಎರಡರಿಂದ ಶುರು. ಯಾಕೆ ಎಂದು ನಾನು ಕೇಳಿದವಳಲ್ಲ. ಹೆಣ್ಣುಮಕ್ಕಳು ಕೌದಿ ತೆಗೆದು ತೋರಿಸುವಾಗಲೂ ಎಲ್ಲಕ್ಕಿಂತ ಮುಂಚೆ ತಮ್ಮ ಒಳ್ಳೆಯ ಕೌದಿಯನ್ನು ಇಟ್ಟು "ಇದು ಲಾಭ" ಎನ್ನುತ್ತಿದ್ದರು. ನನ್ನ ರಿಜಿಸ್ಟರಿನಲ್ಲಿ ಹನ್ನೊಂದು ಮನೆಯ ಕೆಳಗೂ ಲಾಭ, ಎರಡು, ಮೂರು ಎಂದೇ ಇತ್ತು.

ಫೋಟೋಗಳಿಗೆ ಹೆಸರು ಕೊಡುವುದನ್ನು ಮೇಡಂ ಹೇಳಿಕೊಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ನಂಬರ್, ಅದರ ಮುಂದೆ ಕೌದಿಯ ನಂಬರ್. ನಾದಿನಿಯ ನಂಬರ್ ಏಳು. ಹಾಗಾಗಿ ಅವಳ ಎರಡನೆಯ ಕೌದಿ ಏಳು-ಎರಡು, ಮೂರನೆಯದು ಏಳು-ಮೂರು. ಮೊದಲನೆಯದಕ್ಕೆ ನಾನು ಏಳನ್ನೂ ಹಾಕಲಿಲ್ಲ, ಒಂದನ್ನೂ ಹಾಕಲಿಲ್ಲ. ಬರೀ ಲಾಭ ಎಂದು ಒತ್ತಿದೆ. ಹನ್ನೊಂದು ಜನರದ್ದೂ ಹಾಗೆಯೇ. ಒಬ್ಬೊಬ್ಬರ ಫೋಟೋ ಬೇರೆ ಬೇರೆ ಫೋಲ್ಡರಿನಲ್ಲಿ ಇದ್ದುದರಿಂದ ಕಂಪ್ಯೂಟರ್ ಏನೂ ತಕರಾರು ಮಾಡಲಿಲ್ಲ. ಯಾವ ಕೌದಿಗೆ ಯಾವ ಫೋಟೋ ಎಂದು ತುಂಬುವ ಪಟ್ಟಿಯಲ್ಲೂ ಹನ್ನೊಂದು ಸಲ ಲಾಭ ಎಂದೇ ತುಂಬಿದೆ.

ಇನ್ನುಳಿದದ್ದು, ಎಲ್ಲ ಫೋಟೋಗಳನ್ನು ಒಟ್ಟಿಗೆ ಏರಿಸುವುದು. ಅದಕ್ಕೂ ಮೊದಲು ಅವು ಎಲ್ಲಿ ಇರಬೇಕು, ಹೇಗೆ ಇರಬೇಕು ಎಂದು ಸಾಫ್ಟ್‌ವೇರಿಗೆ ತಿಳಿಸಬೇಕು. ಅದನ್ನು ಮೇಡಂ ತಾವೇ ಶುಕ್ರವಾರ ಮಾಡುವವರಿದ್ದರು. ಆದರೆ ಅವರಿಗೆ ದಿನ ತುಂಬುತ್ತ ಬಂದಿತ್ತು. ಗುರುವಾರವೇ ನೋವು ಕಾಣಿಸಿಕೊಂಡು ತವರಿಗೆ ಕರೆದೊಯ್ದರು. ಗಾಡಿ ಹತ್ತುವ ಮೊದಲು ಹೊಟ್ಟೆ ಹಿಡಿದುಕೊಂಡೇ ನನ್ನ ನೋಟುಬುಕ್ಕಿನಲ್ಲಿ ಮಾಡಬೇಕಾದುದನ್ನು ಬರೆಸಿದರು. ಫೋಟೋ ಇಡಲು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದ ಜಾಗದ ಹೆಸರು, ಅದರ ಕೀಲಿಯ ಅಕ್ಷರಗಳು, ಯಾವ ಗುಂಡಿ ಆದಮೇಲೆ ಯಾವ ಗುಂಡಿ. ಕೊನೆಯ ಸಾಲು ಹೀಗಿತ್ತು: ಎಲ್ಲ ಏರಿದ್ದನ್ನು ನೋಡಿಕೊಂಡು, ಕಂಪ್ಯೂಟರ್ ಮತ್ತು ಫೋನಿನಿಂದ ಫೋಟೋ ಅಳಿಸಿ, ಜಾಗ ಇಲ್ಲ.

"ತಿಳೀತಿಲ್ರಿ ಕಾಕು? ತಿಳಿದಿದ್ದರ ತಿಳಿದಿಲ್ಲ ಅಂತ ಹೇಳಿಬಿಡ್ರಿ," ಎಂದರು. ನೋವಿನಲ್ಲಿ ಮಾತೂ ಹಿಂದುಮುಂದಾಗಿತ್ತು.

"ತಿಳೀತ್ರಿ ಮೇಡಂ, ನೀವು ಹೋಗ್ರಿ," ಎಂದೆ. ಹೆರಲು ಹೊರಟ ಹುಡುಗಿಯನ್ನು ನಿಲ್ಲಿಸಿ ಇನ್ನೇನು ಕೇಳುವುದು.

ಶನಿವಾರ ಒಬ್ಬಳೇ ಕೂತೆ. ನೋಟುಬುಕ್ಕಿನಲ್ಲಿ ಬರೆದಂತೆ ಒಂದೊಂದೇ ಮಾಡಿದೆ. ಕೀಲಿಯ ಅಕ್ಷರಗಳನ್ನು ಮೂರು ಸಲ ತಪ್ಪಾಗಿ ಒತ್ತಿ ನಾಲ್ಕನೆಯ ಸಲಕ್ಕೆ ಸರಿಯಾಗಿ ಒತ್ತಿದೆ. ಆಮೇಲೆ ನೋಟುಬುಕ್ಕಿನಲ್ಲಿ ಇಲ್ಲದ ಒಂದು ಪುಟ ತೆರೆಯಿತು. ಅದು ಎರಡು ಮಾತು ಕೇಳುತ್ತಿತ್ತು. ಎಲ್ಲ ಫೋಟೋಗಳನ್ನು ಒಂದೇ ಕಡೆ ಇಡಬೇಕೋ, ಬೇರೆ ಬೇರೆ ಇಡಬೇಕೋ? ಒಂದೇ ಹೆಸರಿನ ಫೋಟೋ ಮತ್ತೆ ಬಂದರೆ ಹಳೆಯದರ ಜಾಗದಲ್ಲಿ ಹೊಸದನ್ನು ಇಡಬೇಕೋ, ಎರಡನ್ನೂ ಇಟ್ಟುಕೊಳ್ಳಬೇಕೋ, ನಿಲ್ಲಿಸಿ ಕೇಳಬೇಕೋ? ನಾನು ಆ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಎರಡಕ್ಕೂ ಮೊದಲನೆಯ ಉತ್ತರಕ್ಕೆ ಮುಂಚೆಯೇ ಗುರುತು ಬಿದ್ದಿತ್ತು. ಗುರುತು ಬಿದ್ದಿದೆ ಎಂದರೆ ಯಾರೋ ತಿಳಿದವರು ಹಾಕಿದ್ದಾರೆ, ನಾನು ಯಾಕೆ ಕೈ ಹಚ್ಚಲಿ ಎಂದುಕೊಂಡೆ. ಮೇಡಂಗೆ ಫೋನ್ ಮಾಡಲು ಎರಡು ಸಲ ನಂಬರ್ ತೆಗೆದೆ. ಆಸ್ಪತ್ರೆಯಲ್ಲಿರುತ್ತಾರೆ, ಅವರ ತಾಯಿ ಎತ್ತಿದರೆ ಏನು ಹೇಳುವುದು ಎಂದು ಇಟ್ಟುಬಿಟ್ಟೆ. ಮುಂದಿನ ಗುಂಡಿ ಒತ್ತಿದೆ.

ಮಧ್ಯಾಹ್ನ ಶುರುವಾದದ್ದು ಸಂಜೆಯವರೆಗೆ ಏರಿತು. ನಡುವೆ ಎರಡು ಸಲ ಕರೆಂಟ್ ಹೋಯಿತು. ಕೊನೆಗೆ ಮೂವತ್ತಮೂರೂ ಏರಿದವು ಎಂದು ಹಸಿರು ಅಕ್ಷರ ಬಂತು. ನೋಡಿಕೊಳ್ಳಬೇಕು ಎಂದು ಬರೆದಿತ್ತಲ್ಲ, ಅಂಗಡಿಯ ಪುಟ ತೆರೆದೆ. ನೆಟ್ ಸಾಲದೆ ಮೇಲಿನ ಮೂರು ಫೋಟೋ ಮಾತ್ರ ಕಾಣಿಸಿದವು, ಕೊನೆಗೆ ಏರಿದ ಭಾಲ್ಕಿಯ ಹೆಣ್ಣುಮಗಳ ಮೂರು ಕೌದಿ. ಮೊದಲನೆಯದು ಕೆಂಪು ಕೌದಿ, ನೀಲಿ ಅಂಚು. ಎಷ್ಟು ಚೆಂದ ಕಾಣುತ್ತಿತ್ತು. ಉಳಿದವೂ ಹೀಗೇ ಇರುತ್ತವೆ ಎಂದು ನಂಬಿದೆ. ಬರೆದಂತೆ ಕಂಪ್ಯೂಟರಿನಿಂದ ಅಳಿಸಿದೆ, ಕಸದ ಡಬ್ಬಿಯಿಂದಲೂ ಅಳಿಸಿದೆ, ಫೋನಿನಿಂದಲೂ ಅಳಿಸಿದೆ. ಹೇಳಿದ ಕೆಲಸವನ್ನು ಪೂರ್ತಿ ಮಾಡಿದ ಸಮಾಧಾನದಲ್ಲಿ ಮನೆಗೆ ಬಂದು ಮುನ್ನಿಯನ್ನು ಎತ್ತಿಕೊಂಡೆ.

ಸೋಮವಾರ ಹತ್ತು ಗಂಟೆಗೆ ಆ ದೊಡ್ಡ ಅಂಗಡಿಯವರ ಫೋನ್ ಬಂತು. ಒಬ್ಬ ಗಂಡಸು, ಹಿಂದಿ. ಹನ್ನೊಂದು ಹೆಂಗಸರ ಮೊದಲ ಕೌದಿಯೂ ಒಂದೇ ಕೌದಿ, ಅದೇ ಕೆಂಪು, ಅದೇ ನೀಲಿ ಅಂಚು, ಇದೇನು ತಮಾಷೆಯೇ ಎಂದು ಕೇಳಿದ. ನಾನು ಜೀ, ಜೀ ಎಂದೆ. ನಾಳೆ ಸಂಜೆಯ ಒಳಗೆ ಸರಿಯಾದ ಫೋಟೋ ಹಾಕಿ, ಇಲ್ಲದಿದ್ದರೆ ಯಾರ ಕೌದಿ ಕಾಣುತ್ತದೋ ಅವರಲ್ಲೇ ಆರಿಸುತ್ತೇವೆ ಎಂದು ಇಟ್ಟ.

ಅಂಗಡಿ ತೆರೆದೆ. ಅವತ್ತು ನೆಟ್ ಚೆನ್ನಾಗಿತ್ತು. ಕೆಳಗೆ ಕೆಳಗೆ ಹೋದಂತೆ ಕೆಂಪು ಕೌದಿ, ಮತ್ತೆ ಕೆಂಪು ಕೌದಿ. ನಾದಿನಿಯ ನಂಬರಿನ ಎದುರಿಗೂ ಕೆಂಪು ಕೌದಿ. ಹಸಿರು ಎಲ್ಲೂ ಇರಲಿಲ್ಲ. ಮೊದಲು ನಾದಿನಿಗೆ ಫೋನ್ ಮಾಡಿದೆ, ಬಂದ್ ಇತ್ತು. ಊರಿನಲ್ಲಿ ಇನ್ನಿಬ್ಬರ ನಂಬರ್ ಇತ್ತು, ಅವೂ ಬಂದ್.

ಫೋನ್ ಹಿಡಿದುಕೊಂಡು ಬೀದರದ ಹಳೆಯ ಊರಿನಲ್ಲಿದ್ದ ಒಬ್ಬ ಮೊಬೈಲ್ ರಿಪೇರಿ ಚಾಚಾನ ಹತ್ತಿರ ಹೋದೆ. ನಿಮ್ಮ ಅಪ್ಪ ಅವರಲ್ಲೇ ಫೋನ್ ಸರಿ ಮಾಡಿಸುತ್ತಿದ್ದ. ಚಾಚಾ ಕನ್ನಡಕ ಮೇಲೇರಿಸಿ, ಫೋನನ್ನು ತಂತಿಗೆ ಹಚ್ಚಿ ಬಹಳ ಹೊತ್ತು ನೋಡಿದರು.

"ಅಮ್ಮಾ, ಅಳಿಸಿದ ಮ್ಯಾಲ ಮತ್ತೇನರ ಫೋಟೋ ತಗದೀರೇನ್ರಿ ಇದ್ರಾಗ?"

"ಮೊಮ್ಮಗಳದ್ದು ತಗದೇನ್ರಿ ನಿನ್ನಿ. ನಗ್ಲಿಕತ್ತಿದ್ದಳು."

"ಎಷ್ಟು?"

"ಭಾಳ ತಗದೇನ್ರಿ."

ಚಾಚಾ ಕನ್ನಡಕ ಇಳಿಸಿದರು. "ಬಸ್. ಅವು ಇದ್ದ ಜಾಗಾದಾಗ ಪೋರಿ ಬಂದು ಕೂತಾಳ್ರಿ. ಈಗ ಅಲ್ಲಿ ಏನೂ ಸಿಗಲ್ಲ. ಫಿಕರ್ ನಕ್ಕೋ, ಚಿಂತಿ ಮಾಡಬ್ಯಾಡ್ರಿ ಅಂತ ಹೇಳ್ಬೇಕು, ಆದ್ರ ಫಿಕರ್ ಮಾಡೂ ಮಾತೇ ಅದ."

ಎರಡು ಮೂರು ಫೋಟೋಗಳ ತುಂಡುಗಳನ್ನು ತೆಗೆದು ತೋರಿಸಿದರು. ಒಂದರಲ್ಲಿ ಅರ್ಧ ಕೋಳಿ ಇತ್ತು, ಮೇಲೆಲ್ಲ ಬೂದು ಬಣ್ಣ. ಚಾಚಾ ಕೂಲಿ ತೆಗೆದುಕೊಳ್ಳಲಿಲ್ಲ.

ಮತ್ತೆ ಫೋಟೋ ತೆಗೆಯುವುದೊಂದೇ ದಾರಿ ಉಳಿದಿತ್ತು. ಭಾಲ್ಕಿಯವರ ಓಣಿಯ ಅಂಗನವಾಡಿ ಟೀಚರ್ ಬಾಯಿಯವರಿಗೆ ಫೋನ್ ಮಾಡಿ ಕಾಲು ಹಿಡಿಯುವಂತೆ ಕೇಳಿಕೊಂಡೆ. ಅವರು ಸಂಜೆಯೊಳಗೆ ಉಳಿದ ಮೂವರ ಕೌದಿಗಳ ಫೋಟೋ ಕಳಿಸಿದರು. ಕಮಠಾಣಕ್ಕೆ ನಾನೇ ಹೋಗಿ ಬಂದೆ. ಅಲ್ಲಿಯ ಮೂವರೂ ಯಾಕ, ಏನು ಎಂದು ಕೇಳಿದರು. ಹಿಂದಿನದು ಮಸುಕು ಬಂದಿತ್ತು ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು. ಕಮಠಾಣದಿಂದ ಬರುವ ಹೊತ್ತಿಗೆ ಔರಾದ ಕಡೆಯ ಊರಿನ ಬಸ್ಸು ಹೋಗಿಯಾಗಿತ್ತು. ಮರುದಿನ ಮುಂಜಾನೆಯವರೆಗೆ ಬೇರೆ ಬಸ್ಸಿಲ್ಲ. ಮೊದಲು ಔರಾದಕ್ಕೇ ಹೋಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಹತ್ತಿರದ್ದನ್ನು ಮುಗಿಸಿ ದೂರದ್ದು ನೋಡೋಣ ಎಂದು ಅವತ್ತು ಅನ್ನಿಸಿತ್ತು.

ಸಂಜೆ ಮೇಡಂ ತಾವೇ ಫೋನ್ ಮಾಡಿದರು. ಹೆಣ್ಣುಮಗು ಹುಟ್ಟಿತ್ತು. ದನಿ ಬಳಲಿತ್ತು. ನಾನು ಆದದ್ದನ್ನೆಲ್ಲ ಹೇಳಿದೆ. ಅವರು ಫೋಟೋಗಳ ಹೆಸರು ಓದಲು ಹೇಳಿದರು. ಓದಿದೆ.

"ಲಾಭಾ? ಹನ್ನೊಂದಕ್ಕೂ?" ಎಂದರು.

"ಹೂಂರಿ. ಮೊದಲನೇದಕ್ಕ ಲಾಭ ಅಂತಾರಲ್ರಿ."

"ಕಾಕು, ಅದು ಕಣಾ ಅಲ್ರಿ."

"ನನಗ ಅದಷ್ಟs ಗೊತ್ತಿತ್ರಿ ಮೇಡಂ."

ಆಮೇಲೆ ಮೇಡಂ ತಿಳಿಸಿ ಹೇಳಿದರು. ಎಲ್ಲ ಒಂದೇ ಕಡೆ ಇಡು ಎಂದು ಒಪ್ಪಿದ್ದರಿಂದ ಹನ್ನೊಂದು ಫೋಲ್ಡರಿನ ಫೋಟೋಗಳೂ ಒಂದೇ ಕಡೆ ಬಿದ್ದವು. ಹಳೆಯದರ ಜಾಗದಲ್ಲಿ ಹೊಸದು ಎಂದು ಒಪ್ಪಿದ್ದರಿಂದ ಎರಡನೆಯ ಲಾಭ ಬಂದಾಗ ಮೊದಲನೆಯ ಲಾಭ ಅಳಿಯಿತು, ಮೂರನೆಯದು ಬಂದಾಗ ಎರಡನೆಯದು. ಹೀಗೆ ಹತ್ತೂ ಅಳಿದು ಕೊನೆಯದೊಂದು ಉಳಿಯಿತು. ಸಾಫ್ಟ್‌ವೇರ್ ಹೇಳಿದ ಕೆಲಸ ಮಾಡಿತ್ತು. ಅದಕ್ಕೇ ಹಸಿರು ಅಕ್ಷರ ಬಂದಿತ್ತು.

"ತಪ್ಪು ನಂದೂ ಅದರಿ," ಎಂದರು ಮೇಡಂ. "ಅಳಿಸ್ರಿ ಅಂತ ನಾನ ಬರ್ಸೇನಿ. ಆದ್ರ ಆ ಪುಟ ಬಂದಾಗ ಒಂದ ಫೋನ್ ಮಾಡ್ಬೇಕಿಲ್ರಿ? ಹೆರೂ ಮುಂದ ಆದ್ರೂ ಎತ್ತತಿದ್ದೆ."

ಅವರು ನಗಿಸಲು ಹೇಳಿದ ಮಾತು. ನನಗೆ ಅಳು ಬಂತು.

ಮಂಗಳವಾರ ಮೊದಲ ಬಸ್ಸಿಗೆ ಹೊರಟೆ. ಔರಾದದಲ್ಲಿ ಇಳಿದು, ಅಲ್ಲಿಂದ ಟಂಟಂ ಗಾಡಿ ಹಿಡಿದು ಊರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಲಾರಿ ಇನ್ನೂ ಊರಬಾಗಿಲ ಅಗಸಿಯ ಮುಂದೆ ನಿಂತಿತ್ತು. ಅದನ್ನು ಕಂಡು ಎಷ್ಟು ಹಗುರವಾಯಿತು ಎಂದರೆ ಓಡಿದೆ. ನನ್ನ ವಯಸ್ಸಿನಲ್ಲಿ, ಗಂಡಸರ ಎದುರಿಗೆ, ಸೆರಗು ಜಾರಿದ್ದೂ ತಿಳಿಯದೆ.

ಲಾರಿಯಲ್ಲಿ ಏಳೆಂಟು ಮನೆಯ ಸಾಮಾನು ತುಂಬಿತ್ತು. ಕೆಳಗೆ ಹಾಸಿಗೆ, ಹೊದಿಕೆ, ಅದರ ಮೇಲೆ ಜೋಳದ ಚೀಲ, ಅದರ ಮೇಲೆ ಪಾತ್ರೆ, ಕೊಡ, ಎರಡು ಆಡು, ಎಲ್ಲದರ ಮೇಲೆ ಜನ. ನಾದಿನಿ ಸಣ್ಣವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಏನ ವೈನಿ, ನಮ್ಮನ್ನ ಕಳಸ್ಲಿಕ್ಕ ಬೀದರದಿಂದ ಬಂದೀಯೇನು? ಹಾರ ಎಲ್ಲಿ?" ಎಂದು ಮೇಲಿಂದಲೇ ಕೂಗಿದಳು. ಸುತ್ತಲಿನವರು ನಕ್ಕರು.

"ನಿನ್ನ ಫೋನ್ ಬಂದ್ ಅದಲ್ಲ ತಂಗಿ."

"ಕರೆಂಟ್ ಹೋಗಿ ನಾಕ ದಿನಾ ಆತು. ಊರಾಗ ಎಲ್ಲಾರದೂ ಬಂದ್."

"ಆ ಹಸಿರು ಕೌದಿ ಬೇಕಿತ್ತು. ಒಂದ ಫೋಟೋ ತಗೀತೇನಿ."

"ಮೊನ್ನಿ ತಗದಿಯಲ್ಲ."

"ಇನ್ನೊಂದ್ಸಲ ಬೇಕು ಅಂದ್ರು."

ಅವಳ ಮುಖದಲ್ಲಿದ್ದ ನಗು ಹೋಯಿತು. "ಸೇರ್ಲಿಲ್ಲೇನು ಅವ್ರಿಗಿ?" ಎಂದು ಮೆಲ್ಲಗೆ ಕೇಳಿದಳು.

ಮಕ್ಕಳೇ, ನಾನು ಹೇಳಬೇಕಾಗಿದ್ದುದು ಒಂದೇ ಮಾತು. ಅವರು ನಿನ್ನ ಕೌದಿ ನೋಡೇ ಇಲ್ಲ, ನನ್ನ ಕೈಯಿಂದ ಅಳಿದುಹೋಗಿದೆ, ಇಳಿ, ಸಂಜೆಯ ತನಕ ಹೊತ್ತಿದೆ. ಅಷ್ಟೇ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಿಮ್ಮ ಅಜ್ಜನ ಊರಿನ ಹಿರಿಯರು, ಯಾರ ಎದುರಿಗೆ ನಾನು ಮೂವತ್ತು ವರ್ಷ ದನಿ ಎತ್ತಿರಲಿಲ್ಲವೋ ಅವರು. ಬೀದರಕ್ಕೆ ಹೋಗಿ ಕಂಪ್ಯೂಟರ್ ಕಲಿತಾಳಂತ ಎಂದು ಹೆಮ್ಮೆ ಪಟ್ಟವರೂ ಅಲ್ಲಿದ್ದರು. ನೆಲ ನೋಡಿದೆ.

"ಕೌದಿ ಎಲ್ಲಿ ಅದ?" ಎಂದಷ್ಟೇ ಕೇಳಿದೆ.

"ಚೀಲದ ಕೆಳಗ. ಎಲ್ಲಾಕ್ಕಿಂತ ಕೆಳಗ."

ಮುಕಾದಮ ಲಾರಿಯ ಬಾಗಿಲಿಗೆ ಒರಗಿ ನಿಂತಿದ್ದ. "ಏನ್ರಿ ಬಾಯಿ, ನಿಮ್ಮ ಫೋಟೋಕ್ಕ ಲಾರಿ ಖಾಲಿ ಮಾಡ್ಲೇನು? ಆಡಿಂದೂ ಒಂದ ತಗೀರಿ, ಪಾಪ ಅದೂ ಹೊಂಟದ," ಎಂದ. ಮತ್ತೆ ಎಲ್ಲರೂ ನಕ್ಕರು. ನಾದಿನಿ ನಗಲಿಲ್ಲ.

"ಬಿಡು ವೈನಿ," ಎಂದಳು. "ನಿನ್ನಿ ದಿನಾಪೂರ್ತಿ ಹಾದಿ ನೋಡಿದೆ. ಸುದ್ದಿ ಬರ್ಲಿಲ್ಲ ಅಂದಾಗs ತಿಳೀತು. ನಮ್ಮ ಟಾಕಾ ನಮ್ಮ ಮನಿಗಷ್ಟ. ನೀ ಯಾಕ ಅಷ್ಟ ಮಾರಿ ಸಣ್ಣ ಮಾಡ್ತಿ, ನಿಂದೇನ ತಪ್ಪದ ಇದ್ರಾಗ?"

ಅವಳ ದೊಡ್ಡ ಮಗಳು ಸಾಲೆಯ ನೀಲಿ ಲಂಗದ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಲಾರಿಯ ಪಕ್ಕ ನಿಂತಿದ್ದಳು. ಅವಳ ಕೈ ಹಿಡಿದುಕೊಂಡೆ. "ಇಕಿನ್ನ ನನ್ನ ಹತ್ರ ಬಿಡು. ನೌಬಾದದಾಗ ಸಾಲಿ ಅದ," ಎಂದೆ. ಅಷ್ಟು ಮಾತು ಹೇಗೋ ಬಂತು.

"ಇಕಿನ್ನ ಬಿಟ್ರ ಸಣ್ಣಾಕಿನ್ನ ಯಾರ ನೋಡ್ತಾರ? ಕಬ್ಬಿನ ಹೊಲದಾಗ ಕುಡಗೋಲು ಹಿಡ್ಕೊಂಡು ನಾ ನೋಡ್ಲೇನು?"

ಸಣ್ಣವಳನ್ನೂ ಬಿಡು ಎನ್ನಬಹುದಿತ್ತು. ಆದರೆ ನಿಮ್ಮ ಅಪ್ಪನ ಎರಡು ಕೋಣೆಯ ಮನೆ, ತೊಟ್ಟಿಲಲ್ಲಿ ಮುನ್ನಿ, ನಿಮ್ಮ ಅವ್ವನನ್ನು ಕೇಳದೆ ಹೇಗೆ ಹೇಳುವುದು ಎಂದುಕೊಂಡೆ. ಹುಡುಗಿ ಕೈ ಬಿಡಿಸಿಕೊಂಡು ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ಹತ್ತಿದ ಮೇಲೆ ಬಾಗಿ, "ಮಾಮಿ, ನಮ್ಮ ಗಣಿತದ ಸರ್ ಸಿಕ್ರ, ಜ್ವರ ಬಂದಾವ ಅಂತ ಹೇಳ್ರಿ. ಕಬ್ಬಿಗಿ ಹೋದಳು ಅನಬ್ಯಾಡ್ರಿ," ಎಂದಳು.

ಲಾರಿ ಹೋದ ಮೇಲೆ ಊರಿನಲ್ಲಿ ಉಳಿದ ಮೂರು ಮನೆಗೆ ಹೋದೆ. ಎರಡಕ್ಕೆ ಬೀಗ ಇತ್ತು. ಅವರು ಹಿಂದಿನ ದಿನವೇ ಹೈದರಾಬಾದಿಗೆ ಹೋಗಿದ್ದರು. ಒಬ್ಬಳು ಇದ್ದಳು. ಅವಳ ಕೌದಿಯ ಫೋಟೋ ತೆಗೆದುಕೊಂಡು ಬಂದೆ. ಸಂಜೆಯೊಳಗೆ ಇದ್ದಷ್ಟನ್ನು ಸರಿಯಾದ ಹೆಸರು ಕೊಟ್ಟು ಏರಿಸಿದೆ. ಆ ಪುಟ ಮತ್ತೆ ಬಂತು. ಈ ಸಲ ಒಂದೊಂದು ಉತ್ತರವನ್ನೂ ಮೇಡಂಗೆ ಫೋನಿನಲ್ಲಿ ಓದಿ ಹೇಳಿ ಗುರುತು ಹಾಕಿದೆ. ನಾದಿನಿಯ ಮೊದಲ ಕೌದಿಯ ಎದುರಿಗೆ ಖಾಲಿ ಚೌಕ ಉಳಿಯಿತು. ಏಳು-ಎರಡು, ಏಳು-ಮೂರು ಇದ್ದವು. ಅವು ಅವಳು ಸಣ್ಣವಳು ಹೊಟ್ಟೆಯಲ್ಲಿದ್ದಾಗ ಅವಸರದಲ್ಲಿ ಹೊಲಿದವು.

ಅಂಗಡಿಯವರು ಐವರನ್ನು ಆರಿಸಿದರು. ಅದರಲ್ಲಿ ಅವಳಿರಲಿಲ್ಲ. ಹಸಿರು ಕೌದಿ ಕಂಡಿದ್ದರೆ ಆರಿಸುತ್ತಿದ್ದರೇ? ಗೊತ್ತಿಲ್ಲ. ಅದು ಗೊತ್ತಾಗದಂತೆ ಮಾಡಿದವಳು ನಾನು.

ಯುಗಾದಿಗೆ ಅವರು ಬಂದರು. ನಾದಿನಿ ಕಪ್ಪಾಗಿದ್ದಳು, ಕೈತುಂಬ ಕಬ್ಬಿನ ಎಲೆ ಗೀರಿದ ಗೆರೆ. ಪರೀಕ್ಷೆ ಶುರುವಾದ ದಿನ ಹುಡುಗಿ ಮಹಾರಾಷ್ಟ್ರದ ಯಾವುದೋ ಹೊಲದ ಬದುವಿನಲ್ಲಿ ತಂಗಿಯನ್ನು ಆಡಿಸುತ್ತಿದ್ದಳು. ಮುಂದಿನ ವರ್ಷ ಕೂಡುತ್ತೇನೆ ಎಂದಳು. ಮುಂದಿನ ವರ್ಷವೂ ಲಾರಿ ಬಂತು. ಅದರ ಮುಂದಿನ ವರ್ಷ ಭಾಲ್ಕಿ ಕಡೆ ಮದುವೆ ಮಾಡಿಕೊಟ್ಟರು. ಕೌದಿಯನ್ನು ಕಬ್ಬಿನ ಹೊಲದ ಗುಡಿಸಲಿನ ತೇವದ ನೆಲದ ಮೇಲೆ ಹಾಸಿ ಹಾಸಿ ಹಸಿರು ಬಣ್ಣವೇ ಉಳಿದಿರಲಿಲ್ಲ. ಆಮೇಲೆ ಅದನ್ನು ಹರಿದು ಎಮ್ಮೆಯ ಮೈ ಒರೆಸಲು ಇಟ್ಟುಕೊಂಡರು.

ಸಂಘದವರು ಮತ್ತೆ ಎರಡು ಸಲ ಕೌದಿ ಕೇಳಿದರು. ನಾದಿನಿ ಕೊಡಲಿಲ್ಲ. "ಪಟ್ಟಣದವ್ರಿಗಿ ನನ್ನ ಟಾಕಾ ಸೇರೂದಿಲ್ಲ," ಎಂದು ನಗುತ್ತ ಹೇಳುತ್ತಿದ್ದಳು. ಮದುವೆಯಲ್ಲಿ, ಬಸುರಿಯರ ಕುಪ್ಪಸದ ಕಾರ್ಯದಲ್ಲಿ, ಯಾರಾದರೂ ಕೌದಿಯ ಮಾತು ತೆಗೆದರೆ ಅದನ್ನೇ ಹೇಳುತ್ತಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಪ್ರತಿ ಸಲ ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ತೆರೆದು, ಎಮ್ಮೆ ಹಾಲು ಎಷ್ಟು ಕೊಡುತ್ತದೆ ಎಂದು ಕೇಳುತ್ತೇನೆ.

ಹೋದ ತಿಂಗಳು ಅವಳ ಮಗಳು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು, ನೆನಪಿದೆಯೇ? ನೀವು ಹೊರಗೆ ಆಡುತ್ತಿದ್ದಿರಿ. ಅಡುಗೆಮನೆಯಲ್ಲಿ ಅವಳು ಕೇಳಿದಳು, "ಮಾಮಿ, ಅವ್ವನ ಆ ಹಸಿರು ಕೌದಿ ಫೋಟೋ ತಗದಿದ್ರಿ ನೋಡ್ರಿ, ಅದು ಅದೇನ್ರಿ ನಿಮ್ಮ ಹತ್ರ? ಅವ್ವ ಹ್ಯಾಂಗ ಹೊಲೀತಿದ್ದಳು ಅಂತ ನನ್ನ ಮಗಳಿಗಿ ತೋರಿಸ್ಬೇಕು."

ಇಲ್ಲ ಎಂದೆ. ಎಲ್ಲಿ ಹೋಯ್ತ್ರಿ ಎಂದು ಕೇಳಿದಳು. ಹಳೆಯ ಫೋನ್ ಕೆಟ್ಟಿತು ಎಂದೆ. ಅವಳು ಹೋದ ಮೇಲೆ ಈ ಹಾಳೆಗಳನ್ನು ತೆಗೆದುಕೊಂಡು ಕೂತೆ.

ನಾನು ಹೇಳಲಾರೆ. ಇಷ್ಟು ವರ್ಷದಲ್ಲಿ ಆಗದ್ದು ಇನ್ನು ಮುಂದೆ ಆಗುವುದಿಲ್ಲ ಎಂದು ನನಗೆ ತಿಳಿದಿದೆ. ನೀವು ಸಾಲೆಯಲ್ಲಿ ಗಟ್ಟಿಯಾಗಿ ಪಾಠ ಓದುವವರು. ರಜೆಗೆ ಔರಾದ ಆಯಿಯ ಹತ್ತಿರ ಹೋದಾಗ, ಅವಳಿಗೆ ಕಿವಿ ಕೇಳಿಸುವ ವಯಸ್ಸು ಇರುವಾಗಲೇ, ಇದನ್ನು ಓದಿ ಹೇಳಿ. ಅವಳ ಟಾಕಾದಲ್ಲಿ ಏನೂ ಕೊರತೆ ಇರಲಿಲ್ಲ, ಅದನ್ನು ಯಾರೂ ನೋಡಲೇ ಇಲ್ಲ ಎಂಬ ಜಾಗವನ್ನು ಎರಡು ಸಲ ಓದಿ. ಅವಳು ನನ್ನನ್ನು ಬೈದರೆ ಬೈಯಲಿ, ಅದನ್ನೂ ಬಂದು ನನಗೆ ಹೇಳಿ. ಅವಳ ಮಗಳೂ ಕೇಳಿದರೆ ಓದಲು ಕೊಡಿ, ಆದರೆ ತಿರುಗಿ ಇಸಿದುಕೊಳ್ಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಮುನ್ನಿಯ ಪುಸ್ತಕದ ಪೆಟ್ಟಿಗೆಯ ತಳದಲ್ಲಿ, ಇಲಿ ಮತ್ತು ನೀರು ತಾಕದಂತೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ. ನಾನು ಬರೆದದ್ದು ಇದೊಂದೇ ಪ್ರತಿ. ಜೋಪಾನ.